ಲಾಭ, ಎರಡು, ಮೂರು

ರಾಗಿ ಅಳೆಯುವಾಗ ನಮ್ಮಪ್ಪ ‘ಒಂದು’ ಎನ್ನುವುದಿಲ್ಲ. ಮೊದಲ ಸೇರನ್ನು ಚೀಲಕ್ಕೆ ಸುರಿಯುತ್ತ ‘ಲಾಭ’ ಎನ್ನುತ್ತಾರೆ. ಆಮೇಲೆ ಎರಡು, ಮೂರು. ಆರು ಮುಗಿದ ಮೇಲೆ ಏಳೂ ಇಲ್ಲ, ‘ಮತ್ತೊಂದು’. ಏಳು ಅಂದರೆ ರಾಶಿಯ ಮೇಲೆ ಕೂತಿರುವ ಲಕ್ಷ್ಮಿ ಎದ್ದು ಹೋಗುತ್ತಾಳೆ ಎಂದು ಅಜ್ಜಿ ಹೇಳುತ್ತಿದ್ದಳು. ಅಳೆಯುವ ಹೊತ್ತಿನಲ್ಲಿ ಯಾರೂ ಮಾತಾಡುವಂತಿಲ್ಲ. ಈಗ ಕ್ಯಾಸಂಬಳ್ಳಿ ಕಡೆ ಕಣ ಮಾಡುವವರು ಕಡಿಮೆ. ತೆನೆಯನ್ನು ಟಾರು ರಸ್ತೆಯ ಮೇಲೆ ಹಾಸಿ ಹೋಗಿ ಬರುವ ಬಸ್ಸು, ಟೆಂಪೊಗಳ ಕೈಯಲ್ಲಿ ತುಳಿಸುತ್ತೇವೆ. ಆದರೂ ರಾಶಿಯ ನೆತ್ತಿಗೆ ಸಗಣಿಯ ಬೆನಕ, ಗರಿಕೆ, ಆಮೇಲೆ ಈ ವಿಚಿತ್ರ ಲೆಕ್ಕ, ಯಾವುದೂ ತಪ್ಪಿಲ್ಲ.

ಡಿಸೆಂಬರಿನ ಕೊನೆಯಲ್ಲಿ ಅಪ್ಪ ಹೀಗೆ ಅಳೆಯುವಾಗ ನಾನು ಜಗಲಿಯ ಮೇಲೆ ಕೂತು ನನ್ನ ವರ್ಷವನ್ನು ಅಳೆಯುತ್ತೇನೆ. ಸಂಬಳವಿಲ್ಲದ ಚಿತ್ರಗಾರ್ತಿ ನಾನು. ಯಾರು ಕರೆದರೆ ಅವರ ಕೆಲಸ. ಹಳೆಯ ನೋಟ್‌ಬುಕ್ಕಿನ ಎಡಕ್ಕೆ ಜನವರಿಯಲ್ಲಿ ಬರೆದ ಗುರಿಗಳು, ಬಲಕ್ಕೆ ಆದದ್ದು. ಈ ವರ್ಷ ಬಲಗಡೆ ಇರುವುದು: ಮಕ್ಕಳ ಪುಸ್ತಕಕ್ಕೆ 24 ಚಿತ್ರ, ಎರಡು ಶಾಲೆಯ ಗೋಡೆ, ಒಂದು ಮಾರಮ್ಮನ ಗುಡಿಯ ದ್ವಾರಪಾಲಕಿಯರಿಗೆ ಹೊಸ ಬಣ್ಣ (ಊರವರ ಒತ್ತಾಯಕ್ಕೆ ತುಟಿ ಸ್ವಲ್ಪ ಜಾಸ್ತಿಯೇ ಕೆಂಪಾಯಿತು), ಅಂಗಡಿ ಬೋರ್ಡು ಒಂಬತ್ತು. ಎಡಗಡೆ ದೊಡ್ಡಕ್ಷರದಲ್ಲಿ ಬರೆದದ್ದು ಒಂದೇ: ತಿಂಗಳಿಗೊಂದರಂತೆ ಚಿನ್ನದ ಗಣಿಯ ಸೈನೈಡ್ ಗುಡ್ಡದ 12 ಚಿತ್ರ. ಆದದ್ದು ಮೂರು.

ಈ ಮೂರನ್ನು ಏನೆಂದು ಎಣಿಸುವುದು ಎಂಬಲ್ಲಿ ನನ್ನ ತಕರಾರು ಶುರುವಾಗುತ್ತದೆ.

ಮಕ್ಕಳ ಪುಸ್ತಕ ಮಾಡಿಸಿಕೊಂಡವರು ಅರ್ಧ ದುಡ್ಡು ಕೊಟ್ಟು, ಉಳಿದದ್ದಕ್ಕೆ ಫೋನ್ ಮಾಡಿದಾಗ ಗೀತೆ ಹೇಳಿದರು. ಫಲದ ಮೇಲೆ ಕಣ್ಣಿಡಬಾರದಂತೆ, ಕಲೆ ಸೇವೆಯಂತೆ. ಗೀತೆಯ ಎರಡನೇ ಅಧ್ಯಾಯದ ಆ ಮಾತನ್ನು ನಾನೂ ಓದಿದ್ದೇನೆ. ಕೃಷ್ಣ ಅದನ್ನು ಹೇಳಿದ್ದು ಬಿಲ್ಲು ಕೆಳಗಿಟ್ಟು ಕೂತವನಿಗೆ, ಅಂದರೆ ಕೆಲಸ ಮಾಡಬೇಕಾದವನಿಗೆ. ಕೆಲಸ ಮಾಡಿಸಿಕೊಂಡವರು ಕೂಲಿ ಇಟ್ಟುಕೊಳ್ಳಬಹುದು ಎಂದು ಹದಿನೆಂಟು ಅಧ್ಯಾಯದಲ್ಲಿ ಎಲ್ಲೂ ಇಲ್ಲ. ಫಲ ಬಿಡುವುದು ಬಿಡುವವಳ ಮನಸ್ಸಿನೊಳಗಿನ ಕೆಲಸ. ಇನ್ನೊಬ್ಬರು ಬಂದು ಬಿಡಿಸಿದರೆ ಅದಕ್ಕೆ ಬೇರೆ ಹೆಸರಿದೆ.

ಈ ವಿಷಯದಲ್ಲಿ ನನಗೆ ಹನ್ನೆರಡನೇ ಶತಮಾನದ ಕಲ್ಯಾಣದ ಶರಣರೇ ಹತ್ತಿರ. ಕೂಲಿಯನ್ನು ಅವರು ಕೀಳೆಂದುಕೊಳ್ಳಲಿಲ್ಲ. ಕೆಲಸವೂ ಕಾಯಕ, ಅದರಿಂದ ಬಂದ ಅಕ್ಕಿಯಲ್ಲೇ ದಾಸೋಹ. ಆಯ್ದಕ್ಕಿ ಮಾರಯ್ಯ ನೆಲಕ್ಕೆ ಬಿದ್ದ ಅಕ್ಕಿ ಆಯುತ್ತಿದ್ದ. ಒಂದು ದಿನ ಹೆಚ್ಚಿಗೆ ತಂದದ್ದಕ್ಕೆ ಹೆಂಡತಿ ಲಕ್ಕಮ್ಮ ಒಳಗೇ ಸೇರಿಸಲಿಲ್ಲ, ವಾಪಸ್ ಸುರಿದು ಬಾ ಎಂದಳು. ಚಿಕ್ಕಂದಿನಲ್ಲಿ ಈ ಕಥೆ ಕೇಳಿದಾಗ ಮಾರಯ್ಯನ ಮೇಲೆ ಅಯ್ಯೋ ಅನ್ನಿಸುತ್ತಿತ್ತು. ಈಗ ಲಕ್ಕಮ್ಮನ ಮೇಲೆ ಹೊಟ್ಟೆಕಿಚ್ಚು. ಆ ಮನೆಗೆ ದಿನಕ್ಕೆ ಎಷ್ಟು ಅಕ್ಕಿ ಬೇಕೆಂದು ಅವಳ ಕೈಗೆ ಗೊತ್ತಿತ್ತು. ಒಂದು ವರ್ಷಕ್ಕೆ ಎಷ್ಟು ಚಿತ್ರ ಸಾಕೆಂದು ನನ್ನ ಕೈಗೆ ಹೇಳಿಕೊಡುವವರು ಯಾರು? 12 ಎಂದು ನಾನು ಬರೆದದ್ದು ಕ್ಯಾಲೆಂಡರಿನಲ್ಲಿ ಅಷ್ಟು ಹಾಳೆ ಇದ್ದುದಕ್ಕೆ.

ನಮ್ಮ ಸೀಮೆಯಲ್ಲಿ ದೇವರಿಗೂ ಗುರಿಯುಂಟು. ಕಮ್ಮಸಂದ್ರದ ಕೋಟಿಲಿಂಗೇಶ್ವರದಲ್ಲಿ 108 ಅಡಿಯ ಲಿಂಗದ ಸುತ್ತ ಭಕ್ತರು ತಮ್ಮ ಹೆಸರಿನಲ್ಲಿ ಚಿಕ್ಕ ಲಿಂಗಗಳನ್ನು ಇಡಿಸುತ್ತಲೇ ಇದ್ದಾರೆ, ಹೆಸರಿಗೆ ತಕ್ಕಂತೆ ಕೋಟಿ ಆಗಬೇಕು. ಅಲ್ಲಿಗೆ ಹೋದಾಗಲೆಲ್ಲ ನನಗೆ ಒಂದು ಸಮಾಧಾನ: ಎಷ್ಟಾಯಿತು ಎಂದು ಶಿವ ಯಾರನ್ನೂ ಅವಸರ ಮಾಡಿದಂತೆ ಕಾಣುವುದಿಲ್ಲ.

ಅವಸರ ಮಾಡಿದ್ದು ಗಣಿ. ತಾತ ಚಾಂಪಿಯನ್ ರೀಫ್‌ನಲ್ಲಿ ಇಳಿಯುತ್ತಿದ್ದವರು. ಮೂರು ಕಿಲೋಮೀಟರಿಗೂ ಆಳ, ಒಳಗೆ ಬೇಯಿಸುವ ಬಿಸಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಗೆತ್ತಿಕೊಂಡ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಅಷ್ಟು ವರ್ಷದಲ್ಲಿ ತೆಗೆದ ಚಿನ್ನ 800 ಟನ್‌ಗೂ ಹೆಚ್ಚು ಎನ್ನುತ್ತಾರೆ. ಕೊನೆಕೊನೆಗೆ ಟನ್ ಕಲ್ಲಿಗೆ ಸಿಗುತ್ತಿದ್ದದ್ದು ಕೆಲವೇ ಗ್ರಾಂ. ಚಿನ್ನ ಎಲ್ಲಿಗೆ ಹೋಯಿತೋ, ನಾವು ಯಾರೂ ಕಂಡವರಲ್ಲ. ಕಂಡದ್ದು ಗುಡ್ಡ. ಕಲ್ಲನ್ನು ಹಿಟ್ಟು ಮಾಡಿ, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಬೂದಿ ಬಣ್ಣದ ಹಿಟ್ಟು ಅದು. ಗಾಳಿ ಎದ್ದರೆ ಒಗೆದು ಹಾಕಿದ ಬಟ್ಟೆಯ ಮೇಲೆ, ಅನ್ನದ ತಟ್ಟೆಯ ಮೇಲೆ ಕೂರುತ್ತದೆ. ಕಂಪನಿಯ ವರ್ಷಾಂತ್ಯದ ಲೆಕ್ಕದಲ್ಲಿ ಔನ್ಸುಗಳಿದ್ದವು. ಗುಡ್ಡ ಲೆಕ್ಕದ ಆಚೆ ಬೆಳೆಯುತ್ತಿತ್ತು.

ಮೂರೇ ಚಿತ್ರವಾದದ್ದಕ್ಕೆ ಕಾರಣವೂ ಗುಡ್ಡವೇ. ಫೆಬ್ರವರಿಯಲ್ಲಿ ಬೂದಿ ಬಳಿದೆ, ಸುಳ್ಳೆನಿಸಿತು. ಬೆಳಿಗ್ಗೆ ಅದು ಹಳಸಿದ ಮಜ್ಜಿಗೆಯ ಬಣ್ಣ, ಮಳೆ ಬಂದರೆ ಸೀಸ, ಸಂಜೆ ಐದೂವರೆಗೆ ಒಂದು ಗಳಿಗೆ ಸುಟ್ಟ ಇಟ್ಟಿಗೆ. ಆ ಗಳಿಗೆ ಕಾಯುತ್ತ ಎಷ್ಟೋ ಸಂಜೆ ಕುಂಚ ಒದ್ದೆ ಮಾಡದೆ ಬಂದೆ. ಕಾಯುವಾಗ ಸುಮ್ಮನಿರಲಾರದೆ ರಸ್ತೆಯಾಚೆಯ ಹುಣಸೆಮರ ಗೀಚುತ್ತಿದ್ದೆ. ಈಗ ಎಣಿಸಿದರೆ 61 ಹಾಳೆ. ಅವು ಎಡಗಡೆಯೂ ಇಲ್ಲ, ಬಲಗಡೆಯೂ ಇಲ್ಲ. ಗುಡ್ಡದ ಹಾಗೆ ಲೆಕ್ಕದ ಆಚೆ ಬೆಳೆದವು, ಆದರೆ ವಿಷವಿಲ್ಲ. ಬಂದ ಫಲವನ್ನು ಬಿಡುವುದು ಹೇಗೆಂದು ಗುರುಗಳೆಲ್ಲ ಹೇಳಿದ್ದಾರೆ. ಕೇಳದೆ ಬಂದದ್ದನ್ನು ಯಾವ ಖಾತೆಗೆ ಬರೆಯಬೇಕು ಎಂಬುದು ನನಗೆ ಯಾವ ಗ್ರಂಥದಲ್ಲೂ ಸಿಗಲಿಲ್ಲ. ಅಪ್ಪನ ಸೇರಿನಲ್ಲಿ ಸಿಕ್ಕಿತು ಅನ್ನಿಸುತ್ತದೆ. ಸಾಲ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ ಕಳೆದು ನೋಡುವ ಮುಂಚೆಯೇ ಮೊದಲ ಸೇರು ಲಾಭ. ಕಳೆದು ನೋಡಿದರೆ ಎಷ್ಟೋ ವರ್ಷ ಏನೂ ಉಳಿದಿಲ್ಲ, ಆದರೂ ಆ ಪದ ಬದಲಾಗಿಲ್ಲ.

ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಗೆ ಮೂರು ಗುಡ್ಡಗಳನ್ನೂ ಹಳೆಯ ದುಪಟಿಯಲ್ಲಿ ಸುತ್ತಿ ಬಂಗಾರಪೇಟೆಯಿಂದ ರೈಲಿಗೆ ಏರಿಸಬೇಕು. ಹುಣಸೆಮರಗಳನ್ನು ಒಯ್ಯುವುದೋ ಬೇಡವೋ ಇನ್ನೂ ತೀರ್ಮಾನವಾಗಿಲ್ಲ. ನೋಟ್‌ಬುಕ್ಕಿನ ಹೊಸ ಹಾಳೆಯ ಮೇಲೆ ‘1’ ಎಂದು ಬರೆದದ್ದನ್ನು ಹೊಡೆದುಹಾಕಿ ಯೋಚಿಸುತ್ತ ಕೂತಿದ್ದೆ.

ಅಂಗಳದಲ್ಲಿ ಒಂದು ಚೀಲ ತುಂಬಿತ್ತು. ಅಮ್ಮ ಅದರ ಬಾಯಿ ಕಟ್ಟುತ್ತ ಕೇಳಿದಳು, “ನಿಂದೆಷ್ಟಾಯ್ತೇ ಈ ವರ್ಷ?”

ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಸೇರನ್ನು ಮತ್ತೆ ರಾಶಿಗೆ ಇಳಿಸಿ, “ಅಳೆಯೋವಾಗ ಮಾತಾಡ್ಬೇಡ್ರಮ್ಮ” ಎಂದರು.