ಮರಳಿ ಬರುವವರ ಊರು

ಕೋಲಾರದ ಚಿನ್ನದ ಗಣಿಗೆ ಬೀಗ ಬಿದ್ದದ್ದು 2001ರ ಫೆಬ್ರವರಿ 28ರಂದು. ಜಾನ್ ಟೇಲರ್ ಕಂಪನಿ ಕಾಲಿಟ್ಟ 1880ರಿಂದ ಲೆಕ್ಕ ಹಿಡಿದರೆ 120 ವರ್ಷ, ಗಣಿಯ ಊರಾದ ಕೆಜಿಎಫ್‌ನ ಮಕ್ಕಳು ಅಪ್ಪ ನೆಲದೊಳಕ್ಕೆ ಇಳಿದು ಮತ್ತೆ ಮೇಲೆ ಬರುವುದನ್ನೇ ದಿನಚರಿಯಾಗಿ ಕಂಡು ಬೆಳೆದರು. ಈಗಿನ ಎಷ್ಟೋ ಮಕ್ಕಳ ಅಪ್ಪ-ಅಮ್ಮ ರೈಲು ಹತ್ತುತ್ತಾರೆ. ಮಾರಿಕುಪ್ಪಂನಿಂದ ಹೊರಟು ಚಾಂಪಿಯನ್, ಉರಿಗಾಂ, ಕೋರಮಂಡಲ್ ದಾಟಿ, ಬಂಗಾರಪೇಟೆಯಲ್ಲಿ ಇನ್ನಷ್ಟು ಜನರನ್ನು ತುಂಬಿಕೊಂಡು ಬೆಂಗಳೂರಿನ ದಾರಿ ಹಿಡಿಯುವ ಬೆಳಗಿನ ಗಾಡಿಗಳಲ್ಲಿ ಸೆಕ್ಯೂರಿಟಿ ಗಾರ್ಡುಗಳು, ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರು, ನರ್ಸುಗಳು, ಆಫೀಸು ಗುಡಿಸಿ ಒರೆಸುವವರು ಒತ್ತೊತ್ತಾಗಿ ಕೂತಿರುತ್ತಾರೆ. ಅವರು ಮನೆ ಬಿಡುವಾಗ ಮಕ್ಕಳು ನಿದ್ದೆಯಲ್ಲಿರುತ್ತವೆ. ತಿರುಗಿ ಬರುವಾಗ ಒಂದೊಂದು ದಿನ ಮತ್ತೆ ನಿದ್ದೆಗೆ ಜಾರಿರುತ್ತವೆ.

ಹಗಲಿಡೀ ಹೆತ್ತವರು ಕಣ್ಣಿಗೆ ಬೀಳದ ಮಗುವಿನ ಒಳಗೆ ಏನು ಬೆಳೆಯುತ್ತದೆ? ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಸಿದ್ಧವಾಗಿಯೇ ಇದೆ: ‘ದುಡಿಯೋಕೆ ಹೋಗೋ ತಾಯಿಗೆ ಮಗು ಎಲ್ಲಿ ಅಂಟಿಕೊಳ್ಳುತ್ತೆ?’ ಗಣಿಗಿಳಿದ ಅಪ್ಪನ ಬಗ್ಗೆ ಯಾರೂ ಈ ಮಾತು ಆಡಲಿಲ್ಲ ಎನ್ನುವುದನ್ನು ಬದಿಗಿಡೋಣ. ಮಾತೇ ನಿಜವೋ ಎಂದು ನೋಡೋಣ.

ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಹೋಗಿತ್ತು. ಅಷ್ಟು ಆಳದಲ್ಲಿ ಬಂಡೆ ತಾನಾಗಿ ಸಿಡಿಯುವುದುಂಟು. ಇಂಥ ‘ರಾಕ್ ಬರ್ಸ್ಟ್’ ಆದಾಗ ಮೇಲೆ ಗಣಿ ಕಾರ್ಮಿಕರ ಸಾಲುಮನೆಗಳು, ಅಂದರೆ ಲೈನ್ ಮನೆಗಳೂ ಅದುರುತ್ತಿದ್ದವು. ಎರಡು ವರ್ಷದ ಮಗುವಿಗೆ ಬಂಡೆಯ ವಿಚಾರ ಏನು ಗೊತ್ತು? ಅದಕ್ಕೆ ಗೊತ್ತಾಗುತ್ತಿದ್ದುದು ಪಾತ್ರೆ ತಿಕ್ಕುತ್ತಿದ್ದ ಅಮ್ಮನ ಕೈ ಥಟ್ಟನೆ ನಿಂತದ್ದು, ಪಕ್ಕದ ಮನೆಯವರೂ ಬಾಗಿಲಿಗೆ ಬಂದದ್ದು, ಯಾರೂ ಮಾತಾಡದೆ ಇದ್ದದ್ದು. ಶಿಫ್ಟು ಮುಗಿದ ಸೈರನ್ ಕೂಗಿ, ಅಪ್ಪ ಬಾಗಿಲಲ್ಲಿ ಕಂಡ ಮೇಲೆ ಆ ಕೈ ಮತ್ತೆ ಆಡುತ್ತಿತ್ತು. ಹೋದವರು ಬರುತ್ತಾರೆ, ಬಂದ ಮೇಲೆ ಭಯ ಇಳಿಯುತ್ತದೆ ಎನ್ನುವುದನ್ನು ಮಗು ಕಲಿಯುತ್ತಿದ್ದದ್ದು ಹೀಗೆ.

ಮನಶ್ಶಾಸ್ತ್ರ ಇದೇ ಜಾಗಕ್ಕೆ ಬರಲು ಬಹಳ ಕಾಲ ಹಿಡಿಯಿತು. ಮಗು ತಾಯಿಯನ್ನು ಹಚ್ಚಿಕೊಳ್ಳುವುದು ಹಾಲಿಗಾಗಿ ಎಂದೇ ಒಂದು ಕಾಲಕ್ಕೆ ಪಂಡಿತರು ನಂಬಿದ್ದರು. ಅಮೆರಿಕದ ಹ್ಯಾರಿ ಹಾರ್ಲೊ 1958ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೋತಿಮರಿಗಳು, ಹಾಲು ಕೊಡುವ ತಂತಿಯ ಬೊಂಬೆಯನ್ನು ಬಿಟ್ಟು, ಹಾಲಿಲ್ಲದಿದ್ದರೂ ಮೆತ್ತನೆ ಬಟ್ಟೆ ಸುತ್ತಿದ ಬೊಂಬೆಯನ್ನೇ ತಬ್ಬಿ ಕೂತವು. ಇಂಗ್ಲೆಂಡಿನ ಜಾನ್ ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ವರದಿಯಲ್ಲಿ, ಆಸರೆಯ ಬಂಧ ಸಿಗದ ಮಗುವಿನ ಮನಸ್ಸು ಹೇಗೆ ಸೊರಗುತ್ತದೆ ಎಂದು ವಿವರಿಸಿದರು. ತಾಯಿ ಕೆಲಸಕ್ಕೆ ಹೋಗಬಾರದು ಎಂದು ವಾದಿಸುವವರು ಇವತ್ತಿಗೂ ಬೌಲ್ಬಿಯ ಹೆಸರು ಹೇಳುತ್ತಾರೆ. ಆದರೆ ಬೌಲ್ಬಿಯ ಜೊತೆಗೇ ಕೆಲಸ ಮಾಡಿದ್ದ ಮೇರಿ ಐನ್ಸ್‌ವರ್ತ್ ಕಂಡದ್ದು ಬೇರೆಯೇ.

ಐನ್ಸ್‌ವರ್ತ್ 1950ರ ದಶಕದಲ್ಲಿ ಉಗಾಂಡದ ಹಳ್ಳಿಮನೆಗಳಲ್ಲಿ ಕೂತು ತಾಯಿ-ಮಕ್ಕಳನ್ನು ನೋಡಿದರು, ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ನೋಡಿದರು. ಅವರು ರೂಪಿಸಿದ ಪರೀಕ್ಷೆ ಇಪ್ಪತ್ತು ನಿಮಿಷದ್ದು. ವರ್ಷ ತುಂಬಿದ ಮಗುವನ್ನು ಹೊಸ ಕೋಣೆಯಲ್ಲಿ ಆಟಿಕೆಗಳ ನಡುವೆ ಬಿಟ್ಟು ತಾಯಿ ಸ್ವಲ್ಪ ಹೊತ್ತು ಹೊರಗೆ ಹೋಗುತ್ತಾಳೆ, ಮತ್ತೆ ಬರುತ್ತಾಳೆ. ತಾಯಿ ಹೋದಾಗ ಮಗು ಎಷ್ಟು ಅತ್ತಿತು ಎನ್ನುವುದು ಮುಖ್ಯವೆಂದು ಯಾರಿಗಾದರೂ ತೋಚುತ್ತದೆ. ಐನ್ಸ್‌ವರ್ತ್ ಮುಖ್ಯವಾಗಿ ಗಮನಿಸಿದ್ದು ತಾಯಿ ಬಂದಾಗ ಮಗು ಏನು ಮಾಡಿತು ಎನ್ನುವುದನ್ನು. ಕೆಲವು ಮಕ್ಕಳು ಓಡಿ ಬಂದು ತಬ್ಬಿ, ಸಮಾಧಾನವಾಗಿ, ಆಟಕ್ಕೆ ಹಿಂದಿರುಗಿದವು. ಕೆಲವು ತಬ್ಬುತ್ತಲೇ ಒದ್ದವು. ಎಷ್ಟು ಸಂತೈಸಿದರೂ ಅಳು ನಿಲ್ಲಲಿಲ್ಲ. ಇನ್ನು ಕೆಲವು ತಾಯಿ ಬಂದದ್ದೇ ಗೊತ್ತಿಲ್ಲದ ಹಾಗೆ ಮುಖ ತಿರುಗಿಸಿ ಆಡುತ್ತಿದ್ದವು. ಈ ಕೊನೆಯವನ್ನು ನಾವಾದರೆ ‘ಜಾಣ ಮಗು, ಹಟವೇ ಇಲ್ಲ’ ಎಂದು ಹೊಗಳುತ್ತೇವೆ. ಮುಂದೆ ಬೇರೆ ಸಂಶೋಧಕರು ಅಂಥ ಮಕ್ಕಳ ಎದೆಬಡಿತ ಅಳೆದಾಗ ಅದು ಏರಿತ್ತು. ಮಗುವಿಗೆ ಸಂಕಟವಿತ್ತು, ತೋರಿಸಿಕೊಂಡು ಫಲವಿಲ್ಲ ಎಂದು ಅದು ಆಗಲೇ ಕಲಿತಾಗಿತ್ತು.

ಅಲ್ಲಿಗೆ, ಬಂಧವನ್ನು ಗಂಟೆಯ ಲೆಕ್ಕದಲ್ಲಿ ಅಳೆಯಲಾಗದು. ಅಮೆರಿಕದಲ್ಲಿ 1991ರಿಂದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಹಿಂಬಾಲಿಸಿದ ದೊಡ್ಡ ಅಧ್ಯಯನವೂ ಇದನ್ನೇ ಹೇಳಿತು: ಮಗುವನ್ನು ಹಗಲು ಬೇರೆಯವರು ನೋಡಿಕೊಂಡ ಮಾತ್ರಕ್ಕೆ ತಾಯಿಯ ಜೊತೆಗಿನ ನಂಟು ಕೆಡುವುದಿಲ್ಲ. ತಾಯಿ ಮಗುವಿನ ಮನಸ್ಸನ್ನು ಅರಿತು ಸ್ಪಂದಿಸದಿದ್ದಾಗ, ಅದರ ಜೊತೆಗೆ ಹಗಲಿನ ಆರೈಕೆಯೂ ಕಳಪೆಯಾಗಿದ್ದಾಗ ಕೆಡುವ ಅಪಾಯ ಹೆಚ್ಚು. ಬಂದವರು ಮಗುವಿನ ಕಡೆ ತಿರುಗುತ್ತಾರೋ ಇಲ್ಲವೋ, ಅಷ್ಟರಲ್ಲಿ ಬಹಳಷ್ಟು ತೀರ್ಮಾನವಾಗುತ್ತದೆ. ಬಂದವರು ತನ್ನ ಕಡೆ ತಿರುಗುತ್ತಾರೆ ಎಂಬ ನಂಬಿಕೆ ಗಟ್ಟಿಯಾಗಿರುವ ಮಗು ಸಾಮಾನ್ಯವಾಗಿ ಮುಂದೆ ಶಾಲೆಯಲ್ಲಿ ಗೊತ್ತಿಲ್ಲದ್ದನ್ನು ಕೇಳಲು ಹೆದರುವುದಿಲ್ಲ, ಬಿದ್ದರೆ ಎದ್ದು ಮತ್ತೆ ಓಡುತ್ತದೆ. ಹಾಗೆಂದು ಇದು ಹಣೆಬರಹವೂ ಅಲ್ಲ. ಕೆಟ್ಟ ನಂಟು ಸುಧಾರಿಸಬಲ್ಲದು, ಒಳ್ಳೆಯದೂ ಕೆಡಬಲ್ಲದು.

ರೈಲಿನ ಊರಿಗೆ ಬರೋಣ. ರಾತ್ರಿ ಎಂಟರ ಹೊತ್ತು. ತಾಯಿ ಊಟದ ಡಬ್ಬಿಯ ಚೀಲ ಹಿಡಿದು ಮನೆ ಹೊಕ್ಕಳು. ಮೂರು ವರ್ಷದ ಮಗ ಅಜ್ಜಿಯ ಸೆರಗಿನ ಹಿಂದೆ ಸರಿದು, ಒಂದು ಕಣ್ಣಲ್ಲಿ ನೋಡುತ್ತಾನೆ. ‘ಬಾರೋ’ ಎಂದರೆ ಬರುವುದಿಲ್ಲ. ಬರುವುದಿಲ್ಲ ಎಂದು ತಾಯಿ ಬಚ್ಚಲಿಗೆ ನಡೆದರೆ ಹಿಂದೆಯೇ ಬಂದು ಬಾಗಿಲು ಬಡಿಯುತ್ತಾನೆ. ತಾಯಿಗೆ ಎದೆ ಚುರುಕ್ಕೆನ್ನುತ್ತದೆ: ಇವನಿಗೆ ನಾನು ಬೇಡವಾದೆನೆ?

ಬೇಡವಾಗಿಲ್ಲ. ಅಜ್ಜಿಗೆ ಕೊಟ್ಟ ಪ್ರೀತಿ ಅಮ್ಮನ ಪಾಲಿನಿಂದ ಕಡಿಮೆಯಾಗಲು ಅದೇನು ಸೇರಿನಲ್ಲಿ ಅಳೆದಿಟ್ಟ ರಾಗಿಯೆ? ಮಗುವಿಗೆ ಎರಡು-ಮೂರು ಮಡಿಲು ಇರಬಹುದು, ಇದ್ದರೆ ಒಳ್ಳೆಯದೇ. ತಮಿಳು, ತೆಲುಗು, ಕನ್ನಡ ಬೆರೆತ ಲೈನ್ ಮನೆಗಳಲ್ಲಿ ಮಗು ಯಾರ ಮನೆಯಲ್ಲಿ ಉಂಡಿತು, ಯಾರ ಪಕ್ಕ ಮಲಗಿತು ಎಂದು ಲೆಕ್ಕ ಇಟ್ಟವರು ಕಡಿಮೆ. ನಾವು ಮರೆಯುವ ನೋವು ಇನ್ನೊಂದಿದೆ. ಓಡಾಟ ಸಾಕಾಗಿ ಗಂಡ-ಹೆಂಡತಿ ಬೆಂಗಳೂರಿನ ಕಡೆ ಒಂದು ರೂಮು ಹಿಡಿಯುತ್ತಾರೆ, ‘ಇನ್ನು ಮಗು ನಮ್ಮ ಜೊತೆಗೇ ಇರುತ್ತದೆ’ ಎಂದು ಸಂತೋಷಪಡುತ್ತಾರೆ. ಆ ದಿನ ಮಗು ಅಜ್ಜಿಯನ್ನು ಕಳೆದುಕೊಳ್ಳುತ್ತದೆ. ಅದು ರಚ್ಚೆ ಹಿಡಿದರೆ ‘ಹೊಸ ಜಾಗ, ನೀರು ಒಗ್ಗಿಲ್ಲ’ ಎನ್ನುತ್ತೇವೆ. ತಾಯಿಯ ಗೈರುಹಾಜರಿಯನ್ನು ದಿನವೂ ಎಣಿಸುವ ನಾವು ಅಜ್ಜಿಯದನ್ನು ಎಣಿಸುವುದೇ ಇಲ್ಲ.

ಎಣಿಸದ ತಪ್ಪುಗಳು ಇನ್ನೂ ಇವೆ. ಅಳುತ್ತದೆಂದು ಮಗುವಿನ ಕಣ್ಣು ತಪ್ಪಿಸಿ ಹೊರಟುಬಿಡುವುದು ಒಂದು. ಆ ಕ್ಷಣದ ಅಳು ತಪ್ಪಬಹುದು, ಆದರೆ ಅಮ್ಮ ಯಾವಾಗ ಬೇಕಾದರೂ ಮಾಯವಾಗಬಹುದು ಎಂಬ ಅಂಜಿಕೆ ಉಳಿಯುತ್ತದೆ. ಇನ್ನೊಂದು, ಬೀದಿಯವರ ತಮಾಷೆ. ‘ನಿಮ್ಮಮ್ಮ ನಿನ್ನ ಬಿಟ್ಟು ಓಡೋದ್ಲು, ಇನ್ನ ಬರಲ್ಲ’ ಎಂದು ಹೇಳಿ ಮಗುವಿನ ತುಟಿ ನಡುಗುವುದನ್ನು ನೋಡಿ ನಗುವವರು ಪ್ರತಿ ಬೀದಿಯಲ್ಲೂ ಇದ್ದಾರೆ. ಮಗುವಿಗೆ ಅದು ತಮಾಷೆಯಲ್ಲ.

ಮನೆಯವರು ತಿದ್ದಿಕೊಳ್ಳುವುದು ಇಷ್ಟು. ಆದರೆ ಹೊಣೆಯನ್ನೆಲ್ಲ ಮನೆಯ ಮೇಲೆ, ಅದರಲ್ಲೂ ತಾಯಿಯ ಮೇಲೆ, ಹಾಕಿ ಕೈತೊಳೆದುಕೊಳ್ಳುವುದು ಅನ್ಯಾಯ. ಗಣಿಯ ಸೈರನ್ನಿಗೆ ಹೊತ್ತು ಗೊತ್ತಿತ್ತು. ರೈಲಿಗೆ ಅದಿಲ್ಲ; ಅದು ಒಂದು ಗಂಟೆ ತಡವಾದರೆ ಆ ಗಂಟೆ ಹೋಗುವುದು ಮಗುವಿನ ಪಾಲಿನಿಂದ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ 26 ವಾರದವರೆಗೆ ಸಂಬಳಸಹಿತ ರಜೆ ಕೊಟ್ಟಿತು; 50 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರ ಇರಲೇಬೇಕು ಎಂದಿತು. ಆದರೆ ಆ ಕೇಂದ್ರ ಇರುವುದು ಬೆಂಗಳೂರಿನಲ್ಲಿ. ನಿಲ್ಲಲು ಜಾಗವಿಲ್ಲದ ಗಾಡಿಯಲ್ಲಿ, ನಸುಕಿನಲ್ಲಿ, ಎರಡು ಗಂಟೆ ದೂರಕ್ಕೆ ಹಸುಗೂಸನ್ನು ಎತ್ತಿಕೊಂಡು ಯಾವ ತಾಯಿ ಹೋಗುತ್ತಾಳೆ? 2023ರಲ್ಲಿ ಸರ್ಕಾರ ಘೋಷಿಸಿದ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರಗಳು ಗ್ರಾಮ ಪಂಚಾಯಿತಿಗಳಿಗಾಗಿ ಇವೆ, ಆದರೆ ಕೆಜಿಎಫ್, ಬಂಗಾರಪೇಟೆ ಎರಡೂ ಪಟ್ಟಣಗಳು. ಅಂಗನವಾಡಿ ಸಂಜೆಯ ಹೊತ್ತಿಗೇ ಬಾಗಿಲು ಹಾಕುತ್ತದೆ, ತಾಯಿ ಬರುವುದು ರಾತ್ರಿ. ನಡುವಿನ ಹೊತ್ತನ್ನು ಮಂಡಿ ನೋವಿನ ಅಜ್ಜಿಯರು ಹೊತ್ತಿದ್ದಾರೆ, ಕೂಲಿಯಿಲ್ಲದೆ, ಯಾವ ಕಡತದಲ್ಲೂ ಹೆಸರಿಲ್ಲದೆ.

ಶಿಶುಪಾಲನಾ ಕೇಂದ್ರ ಇರಬೇಕಾದದ್ದು ಮಗು ಇರುವ ಊರಿನಲ್ಲಿ. ಮಾರಿಕುಪ್ಪಂ ಮತ್ತು ಬಂಗಾರಪೇಟೆ ನಿಲ್ದಾಣಗಳ ಆಸುಪಾಸಿನಲ್ಲಿ, ಮೊದಲ ಗಾಡಿಗೆ ಮುಂಚೆ ತೆರೆದು ಕೊನೆಯ ಗಾಡಿ ಬಂದ ಮೇಲೆ ಮುಚ್ಚುವ, ಅದೇ ಅಜ್ಜಿಯರಿಗೆ ಸಂಬಳ ಕೊಟ್ಟು ಕೂರಿಸಬಹುದಾದ ಕೇಂದ್ರಗಳು ಬೇಕು. ಶತಮಾನಕ್ಕೂ ಹೆಚ್ಚು ಕಾಲ ಈ ನೆಲದಿಂದ ಚಿನ್ನ ತೆಗೆದುಕೊಂಡ ನಾಡಿಗೆ ಇದು ದೊಡ್ಡ ಖರ್ಚೇನಲ್ಲ. ಅದು ಆಗುವವರೆಗೆ ಹೆತ್ತವರಿಗೆ ಹೇಳುವುದು ಎರಡೇ ಮಾತು: ಹೋಗುವಾಗ ಮಗು ಎಚ್ಚರವಿದ್ದರೆ, ಅತ್ತರೂ ಸರಿ, ಹೇಳಿ ಹೋಗಿ; ಬಂದಾಗ ಫೋನು ಕೆಳಗಿಟ್ಟು, ಮೊದಲು ಅದರ ಮುಖ ನೋಡಿ.