ಸಾರ್ವಜನಿಕ ಎಂಬ ಮಾತು

ಸಾರ್ವಜನಿಕ ಅಂದರೆ ಯಾರದು? ಎಲ್ಲರದು ಅಂತ ಪಾಠದ ಪುಸ್ತಕ ಹೇಳುತ್ತದೆ. ಎಲ್ಲರದು ಅಂದಮೇಲೆ ಅಲ್ಲಿ ಸಿಕ್ಕಿದ್ದು ಎಲ್ಲರ ಹೊಟ್ಟೆಗೂ ಆಗಬೇಕಲ್ಲವೆ? ಈ ಪ್ರಶ್ನೆಯನ್ನು ನಮ್ಮೂರ ಬಾವಿಕಟ್ಟೆಯ ಮೇಲಿಟ್ಟು ಕೇಳುವುದು ನಮಗೆ ರೂಢಿ. ಈ ಸಲ ದೂರದ ಒಂದು ಕಡಲಕಟ್ಟೆಯ ಮೇಲಿಟ್ಟು ಕೇಳೋಣ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಲಾಸ್ ಏಂಜಲೀಸ್ ಪಕ್ಕ, ಮ್ಯಾನ್‌ಹಟನ್ ಬೀಚ್ ಎಂಬ ಊರಿದೆ. ಅಲ್ಲಿ 1920ರಲ್ಲಿ ಕಟ್ಟಿ ಮುಗಿಸಿದ ಕಾಂಕ್ರೀಟಿನ ಪಿಯರ್ ಇದೆ. ಪಿಯರ್ ಅಂದರೆ ಒಂಥರಾ ಅರ್ಧ ಸೇತುವೆ. ಕಂಬಗಳ ಮೇಲೆ ಕಡಲೊಳಕ್ಕೆ 900 ಅಡಿಗೂ ಹೆಚ್ಚು ಹೋಗಿ ನಿಂತುಬಿಡುತ್ತದೆ, ಆಚೆ ದಡವಿಲ್ಲ. ಆ ರಾಜ್ಯದಲ್ಲಿ ದೊಡ್ಡವರು ಮರಳ ಮೇಲೆ ನಿಂತು ಗಾಳ ಹಾಕಬೇಕಾದರೆ ಲೈಸೆನ್ಸು ಬೇಕು. ಕಡಲಿನ ಸಾರ್ವಜನಿಕ ಪಿಯರಿನ ಮೇಲೆ ನಿಂತರೆ ಬೇಡ. ದೋಣಿ ಇಲ್ಲದವನು, ಲೈಸೆನ್ಸಿಗೆ ದುಡ್ಡಿಲ್ಲದವನು ಕೂಡ ಅಲ್ಲಿಂದ ಆಳದ ನೀರಿಗೆ ದಾರ ಬಿಡಬಹುದು. ಒಳ್ಳೆಯ ಕಾನೂನು. ಕಡಲಿಗೆ ಪಟ್ಟಾ ಇಲ್ಲ ಎಂದು ಅದು ಒಪ್ಪಿಕೊಂಡಂತಾಯಿತು.

ಇಂಥ ಕಟ್ಟೆಯ ಮೇಲೆ ದಿನ ಕಳೆಯುವುದು ಹೀಗೆ. ಮಂಜು ಕರಗುವ ಮೊದಲೇ ಜನ ಬರುತ್ತಾರೆ. ಕೈಯಲ್ಲಿ ಬಕೆಟ್ಟು, ಚಾಕು, ಗಾಳದ ಕೋಲು, ಎರೆಗೆ ಸಣ್ಣ ಮೀನಿನ ತುಂಡು. ಒಬ್ಬರಿಗೆ ಎರಡೇ ಕೋಲು. ದಾರಕ್ಕೆ ಸೀಸದ ಗುಂಡು ಕಟ್ಟಿ ಇಳಿಬಿಟ್ಟರೆ ತಳದ ಮೀನು ಕಚ್ಚುತ್ತದೆ. ನಮ್ಮ ಬಂಗುಡೆಯ ಬಳಗದ ಮೀನಿನ ಹಿಂಡು ಬಂತೋ, ಎಲ್ಲರ ಕೈಗೂ ಕೆಲಸ. ಬರದಿದ್ದರೆ ಕಾಯುವುದು. ಹ್ಯಾಲಿಬಟ್ ಮೀನು 22 ಅಂಗುಲಕ್ಕಿಂತ ಚಿಕ್ಕದಿದ್ದರೆ ನೀರಿಗೇ ಬಿಡಬೇಕು. ಸಂಜೆಗೆ ಮೋಜಿಗೆ ಬಂದವನು ಹಿಡಿದದ್ದನ್ನು ಬಿಟ್ಟು ಬರಿಗೈಲಿ ಹೋಗುತ್ತಾನೆ. ಸಾರಿಗೆ ಬಂದವನು ಬಕೆಟ್ಟು ಹೊತ್ತು ಮನೆಗೆ ಹೋಗುತ್ತಾನೆ. ಈ ಇಬ್ಬರ ನಡುವಿನ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಕಡಲಂಚು ಎಲ್ಲರದಾಗಿ ಹುಟ್ಟಿದ್ದಲ್ಲ. ಅದೇ ಊರಿನಲ್ಲಿ 1912ರಲ್ಲಿ ವಿಲ್ಲಾ ಬ್ರೂಸ್ ಎಂಬ ಕಪ್ಪು ಹೆಣ್ಣುಮಗಳು ಕಡಲ ಬದಿಯ ತುಂಡು ನೆಲ ಕೊಂಡಳು. ಗಂಡ ಚಾರ್ಲ್ಸ್ ಜೊತೆ ಸೇರಿ ಕಪ್ಪು ಜನರಿಗಾಗಿ ತಂಗುವ ಮನೆ, ಊಟದ ಜಾಗ ನಡೆಸಿದಳು. ಸುತ್ತಲ ಬಿಳಿಯರಿಗೆ ಸಹಿಸಲಾಗಲಿಲ್ಲ. ಬೆದರಿಸಿದರು, ಇವರು ಬಗ್ಗಲಿಲ್ಲ. ಕಡೆಗೆ 1924ರಲ್ಲಿ ಊರಾಡಳಿತ ಆ ನೆಲವನ್ನು ಕಾನೂನಿನಂತೆ ವಶಪಡಿಸಿಕೊಳ್ಳಲು ಹೊರಟಿತು. ಕಾರಣ ಏನು ಗೊತ್ತೆ? ಸಾರ್ವಜನಿಕ ಉದ್ಯಾನ! ದಶಕಗಳ ಕಾಲ ಅಲ್ಲಿ ಉದ್ಯಾನ ಏಳಲಿಲ್ಲ, ನೆಲ ಪಾಳುಬಿತ್ತು. ಜನರನ್ನು ಒಳಗೆ ಬಿಟ್ಟುಕೊಳ್ಳಬೇಕಾದ ಮಾತೇ ಜನರನ್ನು ಹೊರದಬ್ಬುವ ದೊಣ್ಣೆಯಾಯಿತು. ನೆಲ ಆ ಮನೆತನಕ್ಕೆ ವಾಪಸು ಬಂದದ್ದು 2022ರಲ್ಲಿ, ನುಂಗಿ ಸುಮಾರು ನೂರು ವರ್ಷವಾದ ಮೇಲೆ.

1927ರ ಜುಲೈನಲ್ಲಿ ಆ ಊರಿನ ಕಡಲಿಗೆ ಕಪ್ಪು ಜನ ಬೇಕೆಂದೇ ಇಳಿದರು. ದಂತವೈದ್ಯ ಕ್ಲಾಡ್ ಹಡ್ಸನ್ ಮತ್ತು ಸಂಗಾತಿಗಳು ಬಂಧನಕ್ಕೊಳಗಾದರು. ಕಪ್ಪು ಜನರನ್ನು ದೂರವಿಡಲೆಂದೇ ಕಡಲತೀರವನ್ನು ಖಾಸಗಿಯವನಿಗೆ ಗುತ್ತಿಗೆ ಕೊಟ್ಟಿದ್ದ ಆಡಳಿತ ಆ ಮೇಲೆ ಗುತ್ತಿಗೆಯನ್ನು ಹಿಂತೆಗೆದುಕೊಂಡಿತು.

ಗೆಳೆಯರೆ, ಅದೇ ವರ್ಷ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಗೆ ಅಂಬೇಡ್ಕರ್ ಇಳಿದಿದ್ದರು. ಆ ಕೆರೆ ಎಲ್ಲರದು ಎಂದು ಅಲ್ಲಿನ ಪುರಸಭೆ 1924ರಲ್ಲೇ ಠರಾವು ಮಾಡಿತ್ತು. ಕಾಗದದ ಮೇಲಿದ್ದ ನೀರನ್ನು ಬೊಗಸೆಗೆ ತಂದವರು ನಮ್ಮ ಜನ. ಅದಕ್ಕೆ ಏಟು ತಿಂದರು. ಮೇಲ್ಜಾತಿಯವರು ಸಗಣಿ ಗಂಜಲ ಹಾಕಿ ಕೆರೆಯನ್ನು ‘ಶುದ್ಧ’ ಮಾಡಿದರು. ಪುರಸಭೆ ತನ್ನ ಠರಾವನ್ನೇ ರದ್ದು ಮಾಡಿತು. ಹೈಕೋರ್ಟಿನಲ್ಲಿ ಗೆಲುವು ಸಿಕ್ಕಿದ್ದು 1937ರಲ್ಲಿ. ಎರಡು ದೇಶ, ಎರಡು ನೀರು. ಆದರೆ ತಿಳಿಯುವುದು ಒಂದೇ: ಸಾರ್ವಜನಿಕ ಎಂಬುದು ಉಳ್ಳವರು ಕೊಡುವ ದಾನವಲ್ಲ, ಇಲ್ಲದವರು ಕಾಲಿಟ್ಟು ಮಾಡಿಕೊಂಡದ್ದು.

ಕಾಲಿಟ್ಟಾಯಿತು. ಅಷ್ಟಕ್ಕೆ ಮುಗಿಯಿತೆ?

ಮ್ಯಾನ್‌ಹಟನ್ ಬೀಚಿನಿಂದ ದಕ್ಷಿಣಕ್ಕೆ ಪಾಲೋಸ್ ವರ್ಡಿಸ್ ಎಂಬ ಕಡಲತೀರ. ಮಾಂಟ್ರೋಸ್ ಎಂಬ ಕಂಪನಿ 1947ರಿಂದ 1982ರವರೆಗೆ ಆ ಭಾಗದಲ್ಲಿ ಡಿಡಿಟಿ ತಯಾರಿಸಿತು. ಅದರ ಕೊಳೆ ಚರಂಡಿ ಕೊಳವೆಯ ಮೂಲಕ ವರ್ಷಗಟ್ಟಲೆ ಕಡಲಿಗೆ ಹರಿಯಿತು. 1972ರಲ್ಲಿ ಅಮೆರಿಕ ಡಿಡಿಟಿ ಬಳಕೆಯನ್ನು ನಿಷೇಧಿಸಿದ ಮೇಲೂ ಹೊರದೇಶಕ್ಕೆ ಮಾರಲು ತಯಾರಿಕೆ ನಡೆದೇ ಇತ್ತು. ಆ ವಿಷ ನೂರು ಟನ್ನಿಗೂ ಮಿಕ್ಕಿ ಕಡಲ ತಳದಲ್ಲಿ ಉಳಿಯಿತು. ಡಿಡಿಟಿ ನೀರಿನಲ್ಲಿ ಸುಲಭಕ್ಕೆ ಕರಗದು, ಕೆಸರಿಗೆ ಅಂಟುತ್ತದೆ. ಕೆಸರಿನ ಹುಳ ಅದನ್ನು ತಿನ್ನುತ್ತದೆ, ಹುಳವನ್ನು ಮೀನು ತಿನ್ನುತ್ತದೆ, ವಿಷ ಮೀನಿನ ಕೊಬ್ಬಿನಲ್ಲಿ ಕೂಡುತ್ತದೆ. ಈಗ ಸಾಂಟಾ ಮೋನಿಕಾದಿಂದ ಸೀಲ್ ಬೀಚಿನವರೆಗಿನ ಪಿಯರುಗಳಿಗೆ ಸರ್ಕಾರದ ಎಚ್ಚರಿಕೆ ಇದೆ: ವೈಟ್ ಕ್ರೋಕರ್ ಮೊದಲಾದ ಐದು ಬಗೆಯ ಮೀನು ತಿನ್ನಬೇಡಿ. ಈ ಕ್ರೋಕರ್ ತಳದ ಮೀನು, ಪಿಯರಿನಿಂದ ಸುಲಭವಾಗಿ ಸಿಗುವಂಥದ್ದು.

ಮೋಜಿಗೆ ಬಂದವನಿಗೆ ಇದರಿಂದ ಏನೂ ನಷ್ಟವಿಲ್ಲ, ಅವನು ಮೊದಲೇ ಮೀನು ಬಿಡುವವನು. ನಷ್ಟ ಬಕೆಟ್ಟಿನವನಿಗೆ. ‘ಬೋರ್ಡು ಹಾಕಿದ್ದೇವಲ್ಲ, ತಿನ್ನುವುದು ಬಿಡುವುದು ಅವನ ಸ್ವಾತಂತ್ರ್ಯ’ ಎಂದು ವಾದಿಸುವವರಿದ್ದಾರೆ. ಈ ಸ್ವಾತಂತ್ರ್ಯ ಹೊಟ್ಟೆ ತುಂಬಿದವನ ಸ್ವಾತಂತ್ರ್ಯ. ವಿಷ ಹಾಕಿದವನು ಒಬ್ಬ, ತಪ್ಪು ತಿಂದವನದು! ನಮಗಿದು ಹೊಸ ನ್ಯಾಯವೇನಲ್ಲ. ಹಸಿದವನಿಗೆ ‘ನಿನ್ನ ಕರ್ಮ’ ಅಂತ ಹೇಳಿ ಕೈತೊಳೆದುಕೊಂಡವರನ್ನು ನಾವು ತಲೆಮಾರುಗಳಿಂದ ಕಂಡಿದ್ದೇವೆ. ಮೊದಲು ಅದು ಶಾಸ್ತ್ರದಲ್ಲಿತ್ತು, ಈಗ ತಗಡಿನ ಮೇಲೆ ಬಂದಿದೆ.

ಹಾಗಂತ ಬೋರ್ಡು ಕಿತ್ತೆಸೆಯಿರಿ ಅಂತ ನಾನು ಹೇಳುತ್ತಿಲ್ಲ. ತಾಯಂದಿರಿಗೆ, ಮಕ್ಕಳಿಗೆ ಆ ತಿಳುವಳಿಕೆ ಬೇಕೇಬೇಕು. ಕೋರ್ಟಿನಲ್ಲಿ ದಾವೆ ನಡೆದು ಕಂಪನಿಗಳು ದೊಡ್ಡ ಮೊತ್ತ ಕಟ್ಟಿದ್ದೂ ನಿಜ. ಆದರೆ ಎಚ್ಚರಿಕೆ ಬೇರೆ, ನ್ಯಾಯ ಬೇರೆ. ಎಚ್ಚರಿಕೆ ‘ನೀನು ತಿನ್ನಬೇಡ’ ಅನ್ನುತ್ತದೆ. ನ್ಯಾಯ ‘ನೀನು ಹಾಕಬೇಡ’ ಅನ್ನಬೇಕಿತ್ತು, ಅದೂ ಹಾಕುವ ಮೊದಲೇ.

ಪ್ರವೇಶ ಅರ್ಧ ಹಕ್ಕು ಮಾತ್ರ. ಬಾಗಿಲು ತೆಗೆದು, ಒಳಗಿನ ಅನ್ನ ಕೆಡಿಸಿ, ‘ಬಾರಪ್ಪ, ಎಲ್ಲರಿಗೂ ಮುಕ್ತ’ ಅಂದರೆ ಅದು ಸಮಾನತೆಯಲ್ಲ, ಅಣಕ. ಕೆರೆಗೆ ಇಳಿಯುವ ಹಕ್ಕು ಕೇಳಿದ ನಾವು ಕೆರೆಯ ನೀರು ಹೇಗಿದೆ ಎಂದು ಕೇಳುವುದನ್ನೂ ಕಲಿಯಬೇಕು. ಯಾವ ಜಾಗದಲ್ಲಿ ಎಲ್ಲರಿಗಿಂತ ಬಡವನಾದವನು ತಾನು ಹಿಡಿದದ್ದನ್ನು ಹೆದರದೆ ತನ್ನ ಮಕ್ಕಳ ತಟ್ಟೆಗೆ ಹಾಕಬಲ್ಲನೋ, ಆ ಜಾಗವನ್ನು ಸಾರ್ವಜನಿಕ ಅನ್ನೋಣ. ಅಲ್ಲಿಯವರೆಗೆ ಆ ಮಾತಿನ ಮೇಲೆ ನಮ್ಮ ಸಾಲ ಬಾಕಿ ಇದೆ.