ಕೋಟಿ ಸಾಲಿಗೆ ಎಷ್ಟು ಬ್ಲಾಕು?

ಬೆಂಗಳೂರಿನಿಂದ ಸೇಲಂ ಕಡೆಗೆ ಹೊರಟವರು ಧರ್ಮಪುರಿ ದಾಟಿದ ಮೇಲೆ ತೊಪ್ಪೂರು ಘಾಟಿ ಇಳಿಯಲೇಬೇಕು. ಆ ಆಸುಪಾಸಿನಲ್ಲೇ ಪಾಳಯಂ ಟೋಲ್ ಇದೆ. 2021ರ ಫೆಬ್ರುವರಿ ಮಧ್ಯದಲ್ಲಿ ರಾಷ್ಟ್ರೀಯ ಹೆದ್ದಾರಿಗಳಲ್ಲೆಲ್ಲ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಗಾಜಿನ ಮೇಲಿನ ಚೀಟಿಯನ್ನು ಯಂತ್ರ ಓದುತ್ತದೆ, ಗೇಟು ಏಳುತ್ತದೆ, ಎಲ್ಲೋ ಒಂದು ಡಿಸ್ಕಿನಲ್ಲಿ ಒಂದು ಸಾಲು ಸೇರುತ್ತದೆ. ಇಂಥ ದಿನ, ಇಷ್ಟು ಹೊತ್ತಿಗೆ ಹೋದ ಲಾರಿ ಯಾವುದೆಂದು ಪೊಲೀಸರು ಕೇಳಿದರೆ ಆ ಸಾಲನ್ನು ಹುಡುಕಿ ಕೊಡಬೇಕು.

ಒಂದು ಲೆಕ್ಕ ಹಾಕೋಣ. ಅಂಕಿಗಳು ನಾವೇ ಇಟ್ಟುಕೊಂಡವು. ಒಂದು ಕೋಟಿ ಸಾಲು, ಒಂದೊಂದಕ್ಕೂ 100 ಬೈಟ್. ಡಿಸ್ಕ್ ಓದುವುದು 4,096 ಬೈಟಿನ ಬ್ಲಾಕುಗಳ ಲೆಕ್ಕದಲ್ಲಿ. ಸಾಲನ್ನು ತುಂಡರಿಸಿ ಎರಡು ಬ್ಲಾಕಿಗೆ ಹಂಚದಿದ್ದರೆ ಒಂದರಲ್ಲಿ 40 ಸಾಲು ಹಿಡಿಸಿ 96 ಬೈಟ್ ಖಾಲಿ ಬೀಳುತ್ತದೆ. ಹಾಗಾಗಿ ಬೇಕಾದದ್ದು 2,50,000 ಬ್ಲಾಕು. ಎಂಜಿನಿಯರಿಂಗ್ ಹುಡುಗರು ಜಾರುವುದು ಇಲ್ಲೇ: ಒಟ್ಟು ಬೈಟುಗಳನ್ನು 4,096ರಿಂದ ನೇರವಾಗಿ ಭಾಗಿಸಿ 2,44,141 ಎಂದು ಬರೆದು 5,859 ಬ್ಲಾಕು ಕಳೆದುಕೊಳ್ಳುತ್ತಾರೆ.

ಈಗ ಇಂಡೆಕ್ಸ್, ಅಂದರೆ ಸಾಲು ಎಲ್ಲಿದೆಯೆಂದು ತೋರಿಸುವ ಸೂಚಿ. ಹೆದ್ದಾರಿಯ ಪ್ರತಿ ಅಡಿಗೂ ಯಾರೂ ಕಲ್ಲು ನೆಡುವುದಿಲ್ಲ. ಕಿಲೋಮೀಟರಿಗೊಂದು ಕಲ್ಲು, ಐದನೆಯ ಕಿಲೋಮೀಟರಿಗೆ ಅದಕ್ಕಿಂತ ದೊಡ್ಡದು. ನಡುವಿನ ಜಾಗವನ್ನು ನಾವೇ ಅಂದಾಜು ಮಾಡಿಕೊಳ್ಳುತ್ತೇವೆ. ಸ್ಪಾರ್ಸ್ ಇಂಡೆಕ್ಸ್ ಎಂದರೂ ಅದೇ. ಸಾಲಿಗೊಂದು ನಮೂದಿಲ್ಲ, ಬ್ಲಾಕಿಗೊಂದು. ಸಮಯಕ್ಕೆ 8 ಬೈಟ್, ಬ್ಲಾಕಿನ ವಿಳಾಸಕ್ಕೆ 8 ಬೈಟ್ ಇಟ್ಟರೆ ಒಂದು ಬ್ಲಾಕಿನಲ್ಲಿ 256 ನಮೂದು. ಎರಡೂವರೆ ಲಕ್ಷವನ್ನು 256ರಿಂದ ಭಾಗಿಸಿದರೆ 976 ಚಿಲ್ಲರೆ. ಚಿಲ್ಲರೆಗೂ ಒಂದು ಬ್ಲಾಕು ಬೇಕೇ ಬೇಕು, ಆದ್ದರಿಂದ 977. ಆ 977ಕ್ಕೆ ಮೇಲಿನ ಹಂತದಲ್ಲಿ 4, ಆ ನಾಲ್ಕಕ್ಕೆ ತುದಿಯಲ್ಲಿ 1. ಒಟ್ಟು 982. ನೂರು ಕೋಟಿ ಬೈಟ್ ಮೀರಿದ ದಾಖಲೆಗೆ ಸುಮಾರು 40 ಲಕ್ಷ ಬೈಟಿನ ಸೂಚಿ, ಶೇ 0.4 ಕೂಡ ಇಲ್ಲ! ಮೂರು ಹಂತ ಇಳಿದು ನಾಲ್ಕನೆಯ ಓದಿಗೆ ಸಾಲು ಕೈಗೆ ಸಿಗುತ್ತದೆ. ಸೂಚಿಯೇ ಇಲ್ಲದೆ ಅರ್ಧರ್ಧ ಮಾಡುತ್ತ ಹುಡುಕಿದ್ದರೆ ಸುಮಾರು 18 ಓದು. ಮೇಲಿನ ಐದು ಬ್ಲಾಕುಗಳಂತೂ ಸದಾ ಮೆಮೊರಿಯಲ್ಲೇ ಇರಬಹುದು, ಆಗ ಡಿಸ್ಕ್ ಮುಟ್ಟುವುದು ಎರಡೇ ಸಲ.

ಇಷ್ಟು ಅಗ್ಗವಾದದ್ದಕ್ಕೆ ಕಾರಣ ಟೋಲಿನ ಸ್ವಭಾವ. ವಾಹನಗಳು ಬರುವುದೇ ಸಮಯದ ಕ್ರಮದಲ್ಲಿ, ಹೊಸ ಸಾಲು ಸೇರುವುದೇ ಕೊನೆಗೆ. ಸಾಲುಗಳನ್ನು ಯಾರೂ ಕೂತು ಜೋಡಿಸಬೇಕಿಲ್ಲ.

ಪೊಲೀಸರ ಬಳಿ ಇರುವುದು ಹೊತ್ತಲ್ಲ, ಗಾಡಿ ನಂಬರ್ ಮಾತ್ರ ಅಂದುಕೊಳ್ಳಿ. ನಂಬರಿನ ಕ್ರಮಕ್ಕೂ ಡಿಸ್ಕಿನ ಕ್ರಮಕ್ಕೂ ಸಂಬಂಧವಿಲ್ಲ. ಬ್ಲಾಕಿಗೊಂದು ನಮೂದು ಇಲ್ಲಿ ಕೆಲಸಕ್ಕೆ ಬಾರದು, ಕೋಟಿ ಸಾಲಿಗೂ ಕೋಟಿ ನಮೂದು ಬೇಕು. ಇದು ಡೆನ್ಸ್ ಇಂಡೆಕ್ಸ್. ನಂಬರಿಗೆ 10 ಬೈಟ್, ವಿಳಾಸಕ್ಕೆ 8 ಎಂದರೆ ಬ್ಲಾಕಿಗೆ 227 ನಮೂದು. ತಳದಲ್ಲಿ 44,053, ಮೇಲೆ 195, ತುದಿಗೆ 1. ಒಟ್ಟು 44,249, ಮೊದಲಿನದರ 45 ಪಟ್ಟು. ಒಂದು ಸಾಲು ಹುಡುಕಲು ಇಲ್ಲೂ ನಾಲ್ಕೇ ಓದು ಸಾಕು, ಅದು ಸಮಾಧಾನ. ಆದರೆ ವರ್ಷದಲ್ಲಿ ನೂರು ಸಲ ಘಾಟಿ ಇಳಿದ ಲಾರಿಯ ನೂರು ಸಾಲುಗಳು ನೂರು ಬ್ಲಾಕುಗಳಲ್ಲಿ ಚದುರಿರುತ್ತವೆ. ಅಷ್ಟನ್ನೂ ಒಂದೊಂದಾಗಿ ಓದಲೇಬೇಕು.